ಒಳಗೆ ಹುಳು ಎದ್ದಿವೆ

ಶಿರಕಾವಾ-ಗೊ ಅಂದರೆ ಬಹಳ ಜನಕ್ಕೆ ಹಿಮ. ಜಪಾನಿನ ಆ ಬೆಟ್ಟದೂರು ಕ್ಯಾಲೆಂಡರುಗಳಲ್ಲಿ ಬಂದಾಗಲೆಲ್ಲ ಕಡಿದಾದ ಹುಲ್ಲಿನ ಸೂರುಗಳ ಮೇಲೆ ಹಿಮ ಕೂತಿರುತ್ತದೆ, ಕಿಟಕಿಗಳಲ್ಲಿ ಹಳದಿ ದೀಪ ಇರುತ್ತದೆ, ಮನುಷ್ಯರು ಮಾತ್ರ ಇರುವುದಿಲ್ಲ. ನಗೋಯಾದಲ್ಲಿ ಕೆಲಸದಲ್ಲಿರುವ ಮಗಳೂ ಫೆಬ್ರವರಿಗೇ ಬಾ ಅಂದಿದ್ದಳು. ನಾನು ಅಕ್ಟೋಬರಿನಲ್ಲಿ ಹೋದೆ. ಹಿಮ ಕಟ್ಟಿಕೊಂಡು ನನಗೇನಾಗಬೇಕು? ನಾನು ನೋಡಬೇಕಾಗಿದ್ದದ್ದು ಸೂರಿನ ಕೆಳಗಿನ ಅಟ್ಟ. ಆ ಅಟ್ಟಗಳಲ್ಲಿ ಒಂದು ಕಾಲಕ್ಕೆ ರೇಷ್ಮೆ ಹುಳು ಸಾಕುತ್ತಿದ್ದರು ಅಂತ ಎಲ್ಲೋ ಓದಿದಾಗಿನಿಂದ ಅದು ತಲೆ ಬಿಟ್ಟು ಹೋಗಿರಲಿಲ್ಲ.

"ಹುಳ ನೋಡಕ್ಕೆ ಜಪಾನಿಗೆ ಬರ್ಬೇಕಾ ಅಮ್ಮ? ಮಾವನ ಮನೇಲೇ ಇದೆಯಲ್ಲ" ಅಂದಳು ಮಗಳು.

ಇದೆ, ಇಲ್ಲ ಅನ್ನಲಿಲ್ಲ. ನಾನು ಹುಟ್ಟಿ ಬೆಳೆದದ್ದು ಚಿಕ್ಕಬಳ್ಳಾಪುರದ ಕಡೆ, ನಂದಿ ಬೆಟ್ಟ ಕಾಣುವ ಒಂದು ಊರಿನಲ್ಲಿ. ಮನೆಯಲ್ಲಿ ನಮಗಿಂತ ಹುಳುಗಳಿಗೇ ಜಾಗ ಜಾಸ್ತಿ. ನಡುಮನೆಯ ತುಂಬ ತಟ್ಟೆಗಳ ಸಾಲು, ಹುಳು ಗೂಡು ಕಟ್ಟಲು ಗೋಡೆಗೆ ಒರಗಿಸಿದ ಚಂದ್ರಿಕೆ, ಮೂಲೆಯಲ್ಲಿ ಒದ್ದೆ ಗೋಣಿಚೀಲ ಹೊದಿಸಿಟ್ಟ ಹಿಪ್ಪುನೇರಳೆ ಸೊಪ್ಪು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಕಳೆದು ಹುಳು ಎದ್ದವೋ, ಮನೆಮಂದಿಗೆಲ್ಲ ನಿದ್ದೆಗೇಡು. ರಾತ್ರಿ ಎದ್ದು ಸೊಪ್ಪು ಹಾಕಬೇಕು, ಕತ್ತಲಲ್ಲಿ ಅವು ಮೇಯುವ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಆ ವಾರ ನೆಂಟರು ಬಂದರೂ ಅಜ್ಜಿ ಹೊಸಿಲಿಗೆ ಅಡ್ಡ ನಿಂತು, "ಒಳಗೆ ಹುಳ ಎದ್ದವೆ, ಇಲ್ಲೇ ಜಗುಲಿ ಮ್ಯಾಲೆ ಕೂತ್ಕಳಿ" ಅನ್ನುತ್ತಿದ್ದಳು. ರೋಗ ತಗಲೀತು ಅನ್ನುವ ಭಯ ಅರ್ಧ, ಕಣ್ಣು ತಗಲೀತು ಅನ್ನುವ ಭಯ ಅರ್ಧ. ಬಂದವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಜಗುಲಿಗೇ ನೀರು, ಮಜ್ಜಿಗೆ, ಎಲೆಅಡಿಕೆ, ಹೊತ್ತಾಗಿದ್ದರೆ ಮುದ್ದೆಯೂ ಬರುತ್ತಿತ್ತು. ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಗೂಡು ಎಷ್ಟಕ್ಕೆ ಹೋಯಿತು, ಯಾರ ಮನೆಯಲ್ಲಿ ಬೆಳೆ ಹೊಡೆದುಹೋಯಿತು, ಎಲ್ಲ ಅಲ್ಲೇ ಮಾತಾಡಿ ಅಲ್ಲಿಂದಲೇ ಎದ್ದು ಹೋಗುತ್ತಿದ್ದರು.

ಜಪಾನ್ ಅನ್ನುವ ಹೆಸರು ನಮ್ಮ ಮನೆಗೆ ಬಂದದ್ದೂ ಹುಳುವಿನ ದಾರಿಯಲ್ಲೇ. 19ನೇ ಶತಮಾನದ ಕೊನೆಯಲ್ಲಿ ಜೆಮ್‌ಶೆಡ್‌ಜಿ ಟಾಟಾ ಜಪಾನಿನಿಂದ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿಯ ಬಳಿ ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಹೆಸರು ಇವತ್ತಿಗೂ ಉಳಿದಿದೆ. ಆಮೇಲೆ 1990ರ ದಶಕದಲ್ಲಿ ಜಪಾನಿನ ನೆರವಿನೊಂದಿಗೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ ಹುಳುಗಳ ಮೇಲೆ ದೊಡ್ಡ ಕೆಲಸ ನಡೆಯಿತು. ಮಿಶ್ರತಳಿಯ ಹಳದಿ ಗೂಡು ಬಿಟ್ಟು ದ್ವಿತಳಿಯ ಬಿಳಿ ಗೂಡು ಬೆಳೆಯಿರಿ ಅಂತ ಇಲಾಖೆಯವರು ಬಂದು ಹೇಳಿದಾಗ ಅಪ್ಪ ಗೊಣಗಿದ್ದು ನೆನಪಿದೆ. ನಮ್ಮ ಮಿಶ್ರತಳಿ ಬಡವರ ಮನೆ ಮಗುವಿನ ಹಾಗೆ ಕೊಟ್ಟದ್ದು ತಿಂದು ಬೆಳೆಯುತ್ತೆ, ಈ ಜಪಾನಿನವಕ್ಕೆ ರಾಜೋಪಚಾರ ಆಗಬೇಕು ಅಂತ ಅವರ ತಕರಾರು.

ನಗೋಯಾದಿಂದ ಬಸ್ಸಿನಲ್ಲಿ ಮೂರು ಗಂಟೆಯ ಆಸುಪಾಸು. ಕೊನೆಗೆ ಸಿಗುವ ಹಿದಾ ಸುರಂಗ 10 ಕಿಲೋಮೀಟರಿಗಿಂತ ಉದ್ದ. ಅದು ತೆರೆದು ಹೆದ್ದಾರಿ ಪೂರ್ತಿಯಾದದ್ದು 2008ರಲ್ಲಿ. ಅಲ್ಲಿಂದೀಚೆಗೆ ಬೆಳಿಗ್ಗೆ ಬಂದು ಸಂಜೆಗೆ ಹೊರಡುವವರದೇ ಕಾರುಬಾರು. ನಾವೂ ಅದೇ ಪೈಕಿ. ಸುತ್ತ ಹಾಕುಸಾನ್ ಶ್ರೇಣಿಯ ಬೆಟ್ಟಗಳು, ನಡುವೆ ಶೋ ನದಿ, ನದಿಯ ಪಕ್ಕದ ಚೂರು ಸಪಾಟು ನೆಲದಲ್ಲಿ ಒಗಿಮಾಚಿ ಅನ್ನುವ ಹಳ್ಳಿ. ಬೆಟ್ಟದೂರು ಅಂತ ಸ್ವೆಟರ್ ಹೊತ್ತು ಹೋದವಳಿಗೆ ಆಮೇಲೆ ಗೊತ್ತಾಯಿತು, ಆ ಊರು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆಯಷ್ಟೆ. ನಮ್ಮ ಬೆಂಗಳೂರು ಅದಕ್ಕಿಂತ ಎತ್ತರ. ಆದರೂ ಸ್ವೆಟರ್ ಬೇಕಾಯಿತು ಅನ್ನಿ.

ಬಸ್ಸಿಳಿದ ಜಾಗದ ಮಗ್ಗುಲಲ್ಲೇ ಪ್ರವಾಸಿ ಮಾಹಿತಿ ಕೇಂದ್ರ. ನಾನು ಇಂಥ ಕೇಂದ್ರಗಳನ್ನು ಬೇರೆಡೆ ನೋಡಿದ್ದೇನೆ: ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಕರಕುಶಲ ವಸ್ತು, ಧೂಳು ಹಿಡಿದ ಕರಪತ್ರ, ಊಟಕ್ಕೆ ಹೋದ ನೌಕರ. ಇಲ್ಲಿ ಮರದ ಕೌಂಟರಿನ ಹಿಂದೆ ಅರವತ್ತು ದಾಟಿದ ಒಬ್ಬ ಹೆಂಗಸು, ಮುಂದೆ ಹನುಮಂತನ ಬಾಲದಂಥ ಸಾಲು. ಸಾಲಿನಲ್ಲಿ ನಿಂತವಳಿಗೆ ಕೇಳಿಸಿಕೊಳ್ಳುವುದೇ ಕೆಲಸ. ಶೌಚಾಲಯ ಎಲ್ಲಿ, ಕೊನೇ ಬಸ್ಸು ಎಷ್ಟಕ್ಕೆ, ಕ್ಯಾಲೆಂಡರಿನಲ್ಲಿರುವ ಫೋಟೊ ತೆಗೆಯುವ ಜಾಗ ಎಲ್ಲಿ. ಮೂರನೆಯದಕ್ಕೆ ಆಕೆಯ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು, ಹಳೆಯ ಕೋಟೆ ಇದ್ದ ಗುಡ್ಡದ ಮೇಲಿನ ಶಿರೊಯಾಮಾ. ಅಲ್ಲಿಗೆ ಹೋಗಿ ಎಲ್ಲರೂ ಒಂದೇ ಚಿತ್ರ ತೆಗೆದುಕೊಂಡು ಬರುತ್ತಾರೆ.

ಆಕೆ ಕೊಡುತ್ತಿದ್ದ ನಕ್ಷೆಯನ್ನು ನೋಡುತ್ತ ನಿಂತಿದ್ದೆ. ಎರಡು ಪೆನ್ನು ಇಟ್ಟುಕೊಂಡಿದ್ದಳು. ಹಸಿರಿನಲ್ಲಿ ಸುತ್ತು ಹಾಕಿದ್ದು ಹೋಗಬೇಕಾದ ಜಾಗ. ಕೆಂಪಿನಲ್ಲಿ ಸಣ್ಣ ಗೆರೆ ಎಳೆದಿದ್ದು ಹೋಗಬಾರದ ಜಾಗ: ಈ ಓಣಿ ಬರೀ ವಾಸದ ಮನೆಗಳದ್ದು, ಇಲ್ಲಿ ಗದ್ದೆಯ ಬದುವಿನ ಮೇಲೆ ನಡೆಯಬೇಡಿ, ಈ ಅಂಗಳ ಖಾಸಗಿಯದು. ಆಮೇಲೆ ಬೆಂಕಿಯ ವಿಷಯ. ಸಿಗರೇಟು ನಿಗದಿಯಾದ ಕಡೆ ಬಿಟ್ಟು ಬೇರೆಲ್ಲೂ ಹಚ್ಚುವ ಹಾಗಿಲ್ಲ. ಕೊನೆಗೆ ಕಸ. ಊರಿನಲ್ಲಿ ಕಸದ ಡಬ್ಬಿಗಳಿಲ್ಲ, ನಿಮ್ಮ ಕಸ ನಿಮ್ಮ ಜೊತೆಗೇ ಮನೆಗೆ. ಹಸಿರು ಸುತ್ತಿಗಿಂತ ಕೆಂಪು ಗೆರೆಗೆ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅದನ್ನು ಆಕೆ ಹೇಳುವ ರೀತಿಯಲ್ಲಿ ಗದರಿಕೆ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ಆಗಲೇ ನನಗನ್ನಿಸಿದ್ದು, ಇದು ಊರಿನ ಜಗುಲಿ. ಬಂದವರನ್ನು ಕೂರಿಸಿ, ಕೇಳಿದ್ದಕ್ಕೆ ಉತ್ತರ ಹೇಳಿ, ನೀರು ನಿಡಿ ಕೊಟ್ಟು, ಹೊಸಿಲು ಎಲ್ಲಿದೆ ಅಂತ ತೋರಿಸುವ ಜಾಗ.

ನಮ್ಮ ಸರದಿ ಬಂತು. ಹುಳು ಸಾಕುತ್ತಿದ್ದ ಅಟ್ಟ ಎಲ್ಲಿ ನೋಡಬಹುದು ಅಂತ ಮಗಳು ಜಪಾನಿಯಲ್ಲಿ ಕೇಳಿದಳು. ಕೈಯಲ್ಲಿದ್ದ ಪೆನ್ನು ನಿಂತಿತು. ಯಾಕೆ ಅಂತ ಕೇಳಿರಬೇಕು. ಮಗಳು ನನ್ನತ್ತ ಕೈ ತೋರಿಸಿ ಏನೋ ಹೇಳಿದಳು. ಆ ಹೆಂಗಸು ನನ್ನ ಮುಖ ನೋಡಿ, ತೋರುಬೆರಳು ಮಡಚಿ ಬಿಚ್ಚಿ ಹುಳು ಹರಿಯುವ ಹಾಗೆ ಕೌಂಟರಿನ ಮೇಲೆ ಓಡಿಸಿದಳು. ನಾನು ತಲೆಯಾಡಿಸಿ, ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡುವ ಹಾಗೆ ಎರಡು ಬೆರಳಲ್ಲಿ ಎತ್ತಿ ಹಾಕಿ ತೋರಿಸಿದೆ. ಅವಳು ಮೂಗು ಮುಚ್ಚಿಕೊಂಡು ನಕ್ಕುಬಿಟ್ಟಳು. ಆ ವಾಸನೆ! ಹುಳುಮನೆಯ ಹಿಕ್ಕೆ, ಬಾಡಿದ ಸೊಪ್ಪು, ಬೆವರು ಎಲ್ಲ ಸೇರಿದ ಆ ಕಮಟು ಒಮ್ಮೆ ಮೂಗಿಗೆ ಹತ್ತಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಅವಳು ಈ ಊರಿಗೆ ಸೊಸೆಯಾಗಿ ಬಂದಾಗ ಅತ್ತೆ ಇನ್ನೂ ಸ್ವಲ್ಪ ಹುಳು ಇಟ್ಟಿದ್ದರಂತೆ, ಕೆಲವೇ ವರ್ಷಗಳಲ್ಲಿ ನಿಲ್ಲಿಸಿದರಂತೆ. ಹಿಂದೆ ನಿಂತವರು ಕೆಮ್ಮಿದರು. ಅವಳು ವಾದಾ ಮನೆಗೆ ಹಸಿರು ಸುತ್ತು ಹಾಕಿ, ಅದರ ಪಕ್ಕದಲ್ಲೇ ಕಾಂದಾ ಮನೆಗೂ ಒಂದು ಹಾಕಿ, ನಮ್ಮನ್ನು ಸಾಗಹಾಕಿದಳು.

ವಾದಾ ಮನೆ ಒಗಿಮಾಚಿಯ ದೊಡ್ಡ ಮನೆ. ಮನೆತನದವರು ಊರ ಮುಖಂಡರಾಗಿದ್ದವರು. ಈಗಲೂ ಒಂದು ಭಾಗದಲ್ಲಿ ಸಂಸಾರ ನಡೆಸುತ್ತ, ಉಳಿದದ್ದನ್ನು ಟಿಕೆಟ್ಟಿಟ್ಟು ತೋರಿಸುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಹೋದರೆ ನೆಲದ ನಡುವೆ ಚೌಕದ ಒಲೆ, ಅದರ ಮೇಲೆ ತೂಗುಹಾಕಿದ ಕೆಟಲು, ಹೊಗೆಗೆ ಕಪ್ಪಾದ ತೊಲೆಗಳು. ಮೇಲಕ್ಕೆ ಹೋಗುವ ಏಣಿಮೆಟ್ಟಿಲು ಎಷ್ಟು ಕಡಿದೆಂದರೆ ಮಂಡಿ ನೋವಿನವರು ಇಳಿಯುವಾಗ ಬೆನ್ನು ತಿರುಗಿಸಿಕೊಂಡೇ ಇಳಿಯಬೇಕು.

ಅಟ್ಟ ಅಂದರೆ ನಮ್ಮ ಕಡೆಯ ಸಾಮಾನು ಎಸೆಯುವ ಅಟ್ಟವಲ್ಲ, ಒಂದರ ಮೇಲೊಂದು ಅಂತಸ್ತು. ಸೂರಿನ ಎರಡು ಮಗ್ಗುಲೂ ನೆತ್ತಿಯಲ್ಲಿ ಕೂಡಿ ಕೈಮುಗಿದ ಹಾಗೆ ಕಾಣುತ್ತವೆ. ಗಶ್ಶೋ ಅನ್ನುವ ಹೆಸರು ಬಂದದ್ದೇ ಅದಕ್ಕೆ. ಇಳಿಜಾರು ಅಷ್ಟು ಕಡಿದಾಗಿದ್ದರೆ ಹಿಮ ತಾನಾಗಿ ಜಾರುತ್ತದೆ, ಜೊತೆಗೆ ಒಳಗೆ ಎತ್ತರದ ಜಾಗ ಸಿಗುತ್ತದೆ. ಗದ್ದೆಗೇ ನೆಲ ಸಾಲದ ಊರಿನಲ್ಲಿ ಹುಳುಮನೆಗೆ ಬೇರೆ ಜಾಗ ಎಲ್ಲಿಂದ ಬರಬೇಕು? ಎರಡೂ ತುದಿಯ ತ್ರಿಕೋನದ ಗೋಡೆಗಳಲ್ಲಿ ಕಿಟಕಿ; ತೆರೆದರೆ ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯುತ್ತದೆ. ಅಟ್ಟದ ನೆಲಕ್ಕೆ ಹಲಗೆ ಒತ್ತಾಗಿ ಹೊಡೆದಿಲ್ಲ, ಸಂದು ಬಿಟ್ಟು ಜೋಡಿಸಿದ್ದಾರೆ. ಬಗ್ಗಿ ನೋಡಿದರೆ ಕೆಳಗಿನ ಒಲೆಯ ಬೂದಿ ಕಾಣುತ್ತದೆ. ಶಾಖ ಹುಳುವಿಗೆ, ಹೊಗೆ ಸೂರಿಗೆ: ಹೊಗೆ ತಿಂದ ಹುಲ್ಲು, ಹಗ್ಗ, ಮರಕ್ಕೆ ಹುಳ ಹಿಡಿಯುವುದಿಲ್ಲ. ಒಂದೇ ಒಲೆಯಿಂದ ಅನ್ನ, ರೇಷ್ಮೆ, ಸೂರು ಮೂರನ್ನೂ ನೋಡಿಕೊಂಡಿದ್ದರು.

ಚಳಿಗಾಲದಲ್ಲಿ ಜಮಖಾನೆ ಹೊದಿಸಿ, ಇದ್ದಿಲ ಕುಂಪಟಿ ಇಟ್ಟು, ಹೊಗೆ ಹೆಚ್ಚಾಯಿತೇ ಅಂತ ಗಳಿಗೆಗೊಮ್ಮೆ ಇಣುಕುತ್ತಿದ್ದ ಅಜ್ಜಿಗೆ ಇದನ್ನು ತೋರಿಸಬೇಕಿತ್ತು. ಆದರೆ ಇಲ್ಲಿಯವರಿಗೆ ನಮ್ಮ ಹಾಗೆ ವರ್ಷವಿಡೀ ಬೆಳೆ ಇರಲಿಲ್ಲ. ಹಿಮ ಬಿದ್ದ ಮೇಲೆ ಸೊಪ್ಪೆಲ್ಲಿ? ವಸಂತದಿಂದ ಶರತ್ತಿನೊಳಗೆ ಮುಗಿಸಬೇಕು.

ಒಂದು ಮೂಲೆಯಲ್ಲಿ ಸಾಮಾನು ಜೋಡಿಸಿಟ್ಟಿದ್ದರು. ಬಿದಿರಿನ ತಟ್ಟೆ ಕಂಡ ಕೂಡಲೇ ಗುರುತು ಸಿಕ್ಕಿತು. ಚಂದ್ರಿಕೆ ಹುಡುಕಿದೆ. ನಮ್ಮದು ಚಾಪೆಯ ಮೇಲೆ ಬಿದಿರಿನ ಪಟ್ಟಿ ಸುರುಳಿ ಸುತ್ತಿ ಕೂರಿಸಿದ್ದು, ನಿಲ್ಲಿಸಿದರೆ ಆಳೆತ್ತರ. ಅವರದು ಭತ್ತದ ಹುಲ್ಲಿನದು: ಹುಲ್ಲನ್ನು ಮಡಿಸಿ ಮಡಿಸಿ ಏಣಿಯ ಮೆಟ್ಟಿಲಿನ ಹಾಗೆ ಮಾಡಿ, ಬೇಡವಾದಾಗ ಮುದುರಿಟ್ಟು, ಬೇಕಾದಾಗ ಎಳೆದು ಹಾಸುವಂಥದ್ದು. ಅದರ ಒಂದು ಮಡಿಕೆಯಲ್ಲಿ ಗೂಡು ಕಟ್ಟುವ ಮೊದಲು ಹುಳು ಆಧಾರಕ್ಕೆ ಎಳೆಯುವ ತೆಳ್ಳನೆಯ ನೂಲಿನ ಜೊಂಪೆ ಇನ್ನೂ ಅಂಟಿಕೊಂಡಿತ್ತು. ಮುಟ್ಟಬೇಡಿ ಅಂತ ಬರೆದಿತ್ತು. ನಾನು ಮುಟ್ಟಲಿಲ್ಲ; ಮಗಳು ನನ್ನ ಕೈಯನ್ನೇ ನೋಡುತ್ತಿದ್ದಳು.

ಕಾಂದಾ ಮನೆಯಲ್ಲಿ ತಿಳಿದ ಸಂಗತಿ ನನ್ನ ಎಣಿಕೆಯಲ್ಲೇ ಇರಲಿಲ್ಲ. ಹಳೆಯ ಕಾಲದಲ್ಲಿ ಇಲ್ಲಿಯವರು ಒಲೆಯ ಪಕ್ಕದ ನೆಲದಡಿ ಗುಂಡಿ ತೋಡಿ ಮಣ್ಣು, ಕಾಡಿನ ಸೊಪ್ಪು, ರೇಷ್ಮೆ ಹುಳುವಿನ ಹಿಕ್ಕೆ ಪದರಪದರವಾಗಿ ತುಂಬಿ ವರ್ಷಗಟ್ಟಲೆ ಕೊಳೆಸಿ ಪೆಟ್ಲುಪ್ಪು ತೆಗೆಯುತ್ತಿದ್ದರು. ಮದ್ದುಗುಂಡಿನ ಮದ್ದಿಗೆ ಬೇಕಾದ ಉಪ್ಪು ಅದು. ಹುಳುವಿನ ಹಿಕ್ಕೆಯನ್ನು ನಾವು ತಿಪ್ಪೆಗೆ ಹಾಕಿದೆವು, ಹೆಚ್ಚೆಂದರೆ ದನಕ್ಕೆ ಹಾಕಿದೆವು. ಇವರು ಅದರಲ್ಲಿ ಯುದ್ಧದ ಸಾಮಾನು ಮಾಡಿ ದೊರೆಗಳಿಗೆ ಮಾರಿದರು. ಈ ಸುಂದರವಾದ ಊರಿನ ಬದುಕು ನಡೆದದ್ದು ನವಿರು ರೇಷ್ಮೆಯ ಜೊತೆಗೆ ಸಿಡಿಮದ್ದಿನಿಂದಲೂ ಅನ್ನುವುದನ್ನು ಕ್ಯಾಲೆಂಡರಿನವರು ಹೇಳುವುದಿಲ್ಲ.

ಹೊರಗೆ ಬಂದು ಊರು ಸುತ್ತಿದೆವು. ಒಂದು ಮನೆಯ ಸೂರಿನ ಹುಲ್ಲು ಹೊಸದು, ಹೊಂಬಣ್ಣ. ಪಕ್ಕದ್ದರ ಮೇಲೆ ಪಾಚಿ. ಒಂದು ಹೊದಿಕೆ 30-40 ವರ್ಷ ಬಾಳುತ್ತದಂತೆ. ಹೊದಿಸುವ ಹೊತ್ತಿಗೆ ಊರಿಗೆ ಊರೇ ಬರಬೇಕಿತ್ತು: ನೂರಿನ್ನೂರು ಜನ ಸೇರಿ ಒಂದು ಮಗ್ಗುಲನ್ನು ಒಂದೆರಡು ದಿನದಲ್ಲಿ ಮುಗಿಸುತ್ತಿದ್ದರು. ಯೂಯಿ ಅನ್ನುತ್ತಾರೆ; ನಮ್ಮ ಮುಯ್ಯಾಳಿನಂಥದ್ದೇ. ಯಾರ ಮನೆಯಿಂದ ಎಷ್ಟು ಆಳು, ಎಷ್ಟು ಹುಲ್ಲು, ಎಷ್ಟು ಹಗ್ಗ ಬಂತು ಅಂತ ಪುಸ್ತಕದಲ್ಲಿ ಬರೆದಿಡುತ್ತಿದ್ದರು, ಮುಂದೆ ಅವರ ಸರದಿಗೆ ತೀರಿಸಬೇಕಲ್ಲ. ನಲವತ್ತು ವರ್ಷದ ಸಾಲ! ಈಗ ಬಹುಪಾಲು ಕೆಲಸ ಕಸುಬುದಾರರದು, ಸರ್ಕಾರದ ಹಣ ಸಿಗುತ್ತದೆ, ಯೂಯಿ ಅಪರೂಪಕ್ಕೊಮ್ಮೆ ಮಾತ್ರ ನಡೆಯುತ್ತದೆ. ಇದಕ್ಕೆ ನಿಟ್ಟುಸಿರು ಬಿಡುವ ಅಗತ್ಯ ನನಗೆ ಕಾಣಲಿಲ್ಲ. ಮುಯ್ಯಾಳು ತೀರಿಸಲು ಎಂಟು ತಿಂಗಳ ಬಸುರಿಯಾಗಿದ್ದಾಗಲೂ ಪಕ್ಕದ ಮನೆಯವರ ಸೊಪ್ಪಿಗೆ ಹೋದ ಅಮ್ಮನ ಮಗಳು ನಾನು.

ಓಣಿಗಳಲ್ಲಿ ಅಲ್ಲಲ್ಲಿ ಪುಟ್ಟ ಹುಲ್ಲು ಸೂರಿನ ಗೂಡುಗಳಿದ್ದವು. ಗುಡಿ ಇರಬಹುದು ಅಂತ ಕೈ ಮುಗಿಯಲು ಹೋದಾಗ ಮಗಳು, ಅವು ಬೆಂಕಿ ಆರಿಸುವ ನೀರಿನ ತೋಪುಗಳ ಡಬ್ಬ ಅಂದಳು. ಶರತ್ತಿನ ಕೊನೆಗೆ ಒಂದು ದಿನ ಅಷ್ಟನ್ನೂ ಒಟ್ಟಿಗೆ ತೆರೆದು ಊರ ಮೇಲೆಲ್ಲ ನೀರೆರಚಿ ಪರೀಕ್ಷೆ ಮಾಡುತ್ತಾರೆ. ಊರವರು ಸರದಿಯ ಮೇಲೆ ಬೆಂಕಿ ಕಾವಲು ತಿರುಗುತ್ತಾರೆ. ಒಂದು ಸೂರಿಗೆ ಕಿಡಿ ಹತ್ತಿದರೆ ಉಳಿದವು ಎಷ್ಟು ಹೊತ್ತು ನಿಂತಾವು?

ಈ ಎಲ್ಲ ಎಚ್ಚರ ವಿಶ್ವ ಪರಂಪರೆಯ ಪಟ್ಟಿ ಕಲಿಸಿದ್ದಲ್ಲ. ಯುನೆಸ್ಕೊ ಈ ಊರನ್ನು ಪಟ್ಟಿಗೆ ಸೇರಿಸಿದ್ದು 1995ರಲ್ಲಿ, ಪಕ್ಕದ ಗೊಕಾಯಾಮಾದ ಎರಡು ಹಳ್ಳಿಗಳ ಜೊತೆಗೆ. ಊರವರು ಎಚ್ಚೆತ್ತದ್ದು ಅದಕ್ಕೂ ಬಹಳ ಮೊದಲು. ನದಿಯ ಮೇಲ್ಭಾಗದಲ್ಲಿ 1961ರಲ್ಲಿ ಮುಗಿದ ಮಿಬೊರೊ ಅಣೆಕಟ್ಟಿನಲ್ಲಿ ಹಳ್ಳಿಗಳು ಮುಳುಗಿದವು. ಇನ್ನು ಕೆಲವು ಊರುಗಳನ್ನು ಜನರೇ ಬಿಟ್ಟುಹೋದರು. ಗಶ್ಶೋ ಮನೆಗಳನ್ನು ಬಿಚ್ಚಿ ಪಟ್ಟಣಗಳಿಗೆ ಮಾರುವುದು ಶುರುವಾಯಿತು. ಆಗ, 1971ರಲ್ಲಿ, ಒಗಿಮಾಚಿಯವರು ಕೂತು ಮೂರು ಮಾತು ಬರೆದುಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. ಬಾಡಿಗೆಯ ಮಾತು ನನಗೆ ಬಹಳ ಹಿಡಿಸಿತು. ಮಾರುವುದಿಲ್ಲ ಅಂತ ಎಲ್ಲ ಊರವರೂ ಭಾಷಣ ಮಾಡುತ್ತಾರೆ. ಬಾಡಿಗೆ ಬರುವುದನ್ನು ಬೇಡ ಅನ್ನುವುದಕ್ಕೆ ಎದೆ ಬೇಕು.

ಹಾಗಂತ ಊರು ಋಷ್ಯಾಶ್ರಮವೇನಲ್ಲ. ಮುಖ್ಯ ಬೀದಿಯ ತುಂಬ ಅಂಗಡಿ, ಐಸ್‌ಕ್ರೀಮು, ಕೆಂಪು ಗೊಂಬೆ, ಹಿದಾ ಗೋಮಾಂಸದ ತಿಂಡಿಯ ಹೊಗೆ. ಐನೂರು ಆರುನೂರು ಜನರ ಹಳ್ಳಿಗೆ ವರ್ಷಕ್ಕೆ ಹತ್ತು ಲಕ್ಷಕ್ಕೂ ಮೀರಿ ಜನ ಬಂದರೆ ಇನ್ನೇನಾಗುತ್ತದೆ. ಒಂದು ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಹಾಕಿದ್ದರು. ಸೆಲ್ಫಿ ಕೋಲು ಹಿಡಿದ ಒಂದು ಜೋಡಿ, ಬೇಲಿಯ ಹಗ್ಗ ದಾಟಿ ಅಲ್ಲಿಗೇ ಹೋಗಿ ನಿಂತಿತು. ಒಳ್ಳೆಯ ಹಿನ್ನೆಲೆ ಬೇಕಲ್ಲ. ಒಳಗಿಂದ ಒಬ್ಬ ಮುದುಕ ಬಂದು ಏನೂ ಅನ್ನದೆ, ಒಣಗಿದ್ದ ಬನಿಯನ್ನು ಮಡಿಚುತ್ತ ಅವರ ಪಕ್ಕದಲ್ಲೇ ನಿಂತುಕೊಂಡ. ಚಿತ್ರದಲ್ಲಿ ಮುದುಕನೂ ಬನಿಯನ್ನೂ ಬರುತ್ತವೆ ಅಂತ ಗೊತ್ತಾದ ಮೇಲೆ ಅವರು ಜಾಗ ಖಾಲಿ ಮಾಡಿದರು. ನಮ್ಮಜ್ಜಿಯಾಗಿದ್ದರೆ ಬಾಯಿ ಮಾಡಿರುತ್ತಿದ್ದಳು.

ಬಸ್ಸಿಗೆ ಹೊತ್ತಿದ್ದುದರಿಂದ ಮತ್ತೆ ಮಾಹಿತಿ ಕೇಂದ್ರದ ಬೆಂಚಿನಲ್ಲಿ ಕೂತೆವು. ಸಾಲು ಕರಗಿತ್ತು. ಚಳಿಗಾಲದಲ್ಲಿ ದೀಪ ಹಾಕುವ ಸಂಜೆಗಳ ನೂಕುನುಗ್ಗಲು ಹೇಗೆ ತಡೆಯುತ್ತೀರಿ ಅಂತ ಮಗಳು ಆ ಹೆಂಗಸನ್ನು ಕೇಳಿದಳು. 2019ರಿಂದ ಮುಂಗಡ ಕಾಯ್ದಿರಿಸದವರಿಗೆ ಆ ಸಂಜೆಗಳಲ್ಲಿ ಪ್ರವೇಶವಿಲ್ಲ. ಮೊದಮೊದಲು ಗೊತ್ತಿಲ್ಲದೆ ದೂರದಿಂದ ಬಂದವರು ಇದೇ ಕೌಂಟರಿನ ಮುಂದೆ ನಿಂತು ಅಂಗಲಾಚುತ್ತಿದ್ದರಂತೆ. "ಇಲ್ಲ ಅನ್ನೋದೇ ನನ್ನ ಕೆಲಸ, ಹಾದಿ ತೋರಿಸೋದು ಆಮೇಲಿನದು" ಅಂದಳೆಂದು ಮಗಳು ಕನ್ನಡದಲ್ಲಿ ಹೇಳಿದಳು. ಹೇಳಿದವಳು ಮಾತ್ರ ನಗುತ್ತಲೇ ಇದ್ದಳು, ಜೊತೆಗೆ ನಮ್ಮ ಕೈಯಲ್ಲಿದ್ದ ಕಸದ ಚೀಲ ನಮ್ಮ ಕೈಯಲ್ಲೇ ಇದೆಯೇ ಅಂತಲೂ ನೋಡಿಕೊಂಡಳು.

ವಾಪಸು ಬಂದು ಊರಿಗೆ ಹೋದಾಗ ತಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವನೀಗ ಹುಳುಮನೆಯನ್ನು ತೋಟದಲ್ಲಿ ಬೇರೆ ಕಟ್ಟಿಸಿದ್ದಾನೆ, ಬಿಳಿ ಗೂಡನ್ನೇ ಬೆಳೆಯುತ್ತಾನೆ. ಅಪ್ಪ ಇದ್ದಿದ್ದರೆ ಒಂದು ಮಾತು ಅನ್ನುತ್ತಿದ್ದರು. ಅವನ ತಲೆನೋವು ಶನಿವಾರ, ಭಾನುವಾರ. ನಸುಕಿನಲ್ಲಿ ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಬೆಂಗಳೂರಿನಿಂದ ಹೊರಟ ಕಾರು, ಬೈಕುಗಳ ಸಾಲು ಬಿಸಿಲೇರುವ ಹೊತ್ತಿಗೆ ಕೆಳಗಿಳಿದು ಸುತ್ತಮುತ್ತಲ ಹಳ್ಳಿಗಳಲ್ಲಿ ಚದುರುತ್ತದೆ. ದ್ರಾಕ್ಷಿ ತೋಟ ಎಲ್ಲಿ, ಊಟ ಎಲ್ಲಿ, ಬಾತ್‌ರೂಮ್ ಎಲ್ಲಿ. ಕೇಳುವುದಕ್ಕೆ ಯಾರೂ ಸಿಗದೆ ಸೀದಾ ತೋಟಕ್ಕೆ ನುಗ್ಗುತ್ತಾರೆ. ಹುಳುಮನೆ ಬಾಗಿಲಲ್ಲಿ ಬ್ಲೀಚಿಂಗ್ ಪುಡಿಯ ನೀರು ಇಟ್ಟಿದ್ದನ್ನು ದಾಟಿಕೊಂಡು, ಮೊಬೈಲು ಹಿಡಿದು, ಶೂ ಕಾಲಲ್ಲೇ ಒಳಗೆ ಬಂದವರೂ ಇದ್ದಾರೆ. ಬೇಡ ಅಂದರೆ, ದುಡ್ಡು ಬೇಕಾ ಅನ್ನುತ್ತಾರಂತೆ. ತಗಡಿನ ಮೇಲೆ ಕೆಂಪಕ್ಷರದಲ್ಲಿ ಬರೆಸಿ ನೇತುಹಾಕಿದ. ಅದರ ಪಕ್ಕ ನಿಂತೂ ಫೋಟೊ ತೆಗೆಸಿಕೊಂಡರು.

ಹೊಸ ಮನೆ ಕಟ್ಟುವಾಗ ಜಗುಲಿ ಬಿಟ್ಟಿದ್ದು ಯಾಕೆ ಅಂತ ಕೇಳಿದೆ. ಕಾರು ನಿಲ್ಲಿಸಕ್ಕೆ ಜಾಗ ಬೇಕಿತ್ತು ಅಂದ. ಹಾಗಾದರೆ ರಸ್ತೆ ಬದಿಯ ಹೊಂಗೆ ಮರದಡಿ ಎರಡು ಚಪ್ಪಡಿ ಹಾಕಿಸು, ನೀರಿನ ಕ್ಯಾನ್ ಇಡು, ಊರ ನಕ್ಷೆ ಬರೆಸಿ ಹಚ್ಚು, ಎಲ್ಲಿ ಹೋಗಬಹುದು ಎಲ್ಲಿ ಹೋಗಬಾರದು ಅಂತ ಹೇಳಲು ಒಬ್ಬರನ್ನು ಕೂರಿಸು ಅಂದೆ. ಬರೀ ಬೋರ್ಡಿನ ಮಾತನ್ನು ಯಾರು ಕೇಳುತ್ತಾರೆ, ಮನುಷ್ಯರೇ ಹೇಳಬೇಕು ಅಂತ ಜಪಾನಿನ ಎರಡು ಪೆನ್ನಿನ ಕಥೆಯನ್ನೂ ಸೇರಿಸಿದೆ.

ತಮ್ಮ ಸೊಪ್ಪಿನ ಕಟ್ಟು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. ಚಪ್ಪಡಿಗೆ ಎಷ್ಟಾಗುತ್ತೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ ಹಾಗೆಯೂ ಕಾಣಿಸಿತು.

"ಹಾಕಿಸ್ತೀನಿ ಅಕ್ಕ, ಅದೇನು ದೊಡ್ಡ ವಿಷ್ಯ. ಆದ್ರೆ ಭಾನ್ವಾರ ಬೆಳಗಾಗೆದ್ದು ಬಂದು ಅಲ್ಲಿ ಕೂತ್ಕಳೋರು ಯಾರು? ನಿಂಗೆ ಹೆಂಗೂ ಪೆನ್ಶನ್ ಬರ್ತದಲ್ಲ, ನೀನೇ ಬಂದ್ಬಿಡು. ಪೆನ್ನು ನಾನು ಕೊಡಿಸ್ತೀನಿ, ಎರಡೂ."